ಮಾತಾಡಿಸಲು ಬಂದವರು

ಖಾನಾಪುರ

ನಾನು ಸ್ಕಾಟ್ಲೆಂಡಿಗೆ ಹೋದದ್ದು ದೇಶ ನೋಡಲಿಕ್ಕಲ್ಲ, ತಂಗಿಯನ್ನು ಕರೆದುಕೊಂಡು ಬರಲಿಕ್ಕೆ. ಆದ್ದರಿಂದ ಅಲ್ಲಿನ ಕೋಟೆ, ಸರೋವರ, ಲಂಗ ಉಟ್ಟು ವಾದ್ಯ ಊದುವ ಗಂಡಸರು ಇವೆಲ್ಲದರ ಬಗ್ಗೆ ಓದಬೇಕೆಂದು ಕುಳಿತವರಿಗೆ ನನ್ನಿಂದ ಉಪಯೋಗವಿಲ್ಲ. ಕೋಟೆಯೊಂದನ್ನು ಬಸ್ಸಿನ ಕಿಟಕಿಯಿಂದ ಕಂಡೆ. ನಮ್ಮ ಬೆಳಗಾವಿ ಕೋಟೆಯ ಹಾಗೆಯೇ ಅದರ ಮೇಲೂ ಹುಲ್ಲು ಬೆಳೆದಿತ್ತು.

ನನ್ನ ತಂಗಿ ಕರುಣಾ ನರ್ಸು. ನಾವಿಬ್ಬರೂ ಹುಟ್ಟಿ ಬೆಳೆದದ್ದು ಬೆಳಗಾವಿಯ ಕ್ಯಾಂಪ್ ಎಂಬ ದಂಡು ಪ್ರದೇಶದಲ್ಲಿ, ಚರ್ಚಿನ ಹಿಂದಿನ ಎರಡು ಕೋಣೆಯ ಮನೆಯಲ್ಲಿ. ಅಪ್ಪ ಮಿಲಿಟರಿಯವರ ಸಮವಸ್ತ್ರ ಹೊಲಿಯುತ್ತಿದ್ದರು. ನಾನು ಮದುವೆಯಾಗಿ ಖಾನಾಪುರಕ್ಕೆ ಬಂದು, ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಬಾಯಾರಾಗಿ ನಿವೃತ್ತಳಾದೆ. ಅವಳು ಮದುವೆ ಬೇಡ ಎಂದಳು. ಕೇಳಿ ಕೇಳಿ ನಾವೇ ಸುಸ್ತಾದೆವು. ಮೊದಲು ಗಲ್ಫಿಗೆ, ಆಮೇಲೆ ಸ್ಕಾಟ್ಲೆಂಡಿನ ಪೂರ್ವ ತೀರದ ಒಂದು ಸಣ್ಣ ಊರಿಗೆ ಹೋದಳು. ಈಗ ಅವಳೂ ಕೆಲಸದಿಂದ ಬಿಡುಗಡೆಯಾಗುವ ವಯಸ್ಸಿಗೆ ಬಂದಿದ್ದಾಳೆ.

ನಾವು ಮನೆಯ ಮೇಲೆ ಮಾಳಿಗೆ ಹಾಕಿಸಿದಾಗ ಒಂದು ಕೋಣೆ ಅವಳ ಹೆಸರಿಗೆ ಎಂದು ನಾನು ಮೊದಲೇ ಹೇಳಿಬಿಟ್ಟಿದ್ದೆ. ಕಿಟಕಿಯಲ್ಲಿ ಕುಳಿತರೆ ಭತ್ತದ ಗದ್ದೆ ಕಾಣುತ್ತದೆ. ಆ ಕಿಟಕಿಗೆಂದೇ ಕ್ಯಾಂಪಿನಿಂದ ಒಂದು ಬೆತ್ತದ ಕುರ್ಚಿ ತಂದು ಇಟ್ಟಿದ್ದೆ. ನಮ್ಮ ಯಜಮಾನರಿಗೆ ಮಾತ್ರ ಆ ಖಾಲಿ ಕೋಣೆ ಕಂಡಾಗಲೆಲ್ಲ ಕೈ ತುರಿಸುತ್ತಿತ್ತು.

"ಆಕಿ ಬರೂಮಟಾ ಒಂದ ಸುಗ್ಗಿ ಭತ್ತದ ಚೀಲಾನರ ಇಡೂಣು ಲೀಲಾ, ಸುಮ್ಮ ಖಾಲಿ ಬಿದ್ದೈತಿ" ಎನ್ನುತ್ತಿದ್ದರು.

"ಇಟ್ಟ ನೋಡ್ರಿ" ಎನ್ನುತ್ತಿದ್ದೆ ನಾನು. ಇಡುತ್ತಿರಲಿಲ್ಲ.

ಈ ವರ್ಷ ಮಾವಿನ ಕಾಯಿ ಬಿಡುವ ದಿನಗಳಲ್ಲಿ ಕರುಣಾಳ ಫೋನು ಬಂತು. ಬಸ್ಸು ತಡವಾಗಿದೆ ಎಂದು ಹೇಳುವವರ ದನಿಯಲ್ಲಿ ಹೇಳಿದಳು: "ಅಕ್ಕಾ, ಎದಿಯಾಗ ಒಂದ ಗಂಟ ಆಗೈತಿ. ಆಪರೇಶನ್ ಮಾಡ್ತಾರಂತ. ಘಾಬರಿ ಆಗಬ್ಯಾಡ."

"ಬಾಜೂಕ ಯಾರ ಇರ್ತಾರ ನಿನ್ನ?"

"ಯಾರ ಯಾಕ ಬೇಕು? ಆಸ್ಪತ್ರಿಯಾಗ ನರ್ಸ್ ಇರ್ತಾರ."

ಗಂಟಿಗಿಂತ ಆ ಮಾತೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ನಮ್ಮ ಕಡೆ ಯಾರಿಗಾದರೂ ಜಡ್ಡು, ಸಾವು, ಅಪಘಾತ, ಏನೇ ಬರಲಿ, ಜನ 'ಮಾತಾಡ್ಸಾಕ' ಬರುತ್ತಾರೆ. ಹೆಸರಿಗೆ ಮಾತಾಡಿಸುವುದು, ಮಾತಾಡುವುದು ಕಡಿಮೆ. ಬಂದು ಕೂರುತ್ತಾರೆ, "ಹೆಂಗಾತು?" ಎನ್ನುತ್ತಾರೆ, ನಾವು ಹಿಂದಿನವರಿಗೆ ಹೇಳಿದ್ದನ್ನೇ ಹೇಳುತ್ತೇವೆ, ಅವರು ಚಹಾ ಕುಡಿದು ಇನ್ನೂ ಸ್ವಲ್ಪ ಹೊತ್ತು ಕೂತು ಏಳುತ್ತಾರೆ. ನಮ್ಮ ಚರ್ಚಿನ ಸಭೆಯಲ್ಲಂತೂ ಭಾನುವಾರ ಉಪದೇಶದ ಪ್ರಸಂಗ ಮುಗಿದ ಮೇಲೆ ಪಾಸ್ಟರು, "ಯಾರದರ ಪ್ರಾರ್ಥನಿ ವಿನಂತಿ ಐತೇನ್ರಿ?" ಎಂದು ಕೇಳುತ್ತಾರೆ. ಎಮ್ಮೆ ಈಯದೆ ಇರುವುದರಿಂದ ಹಿಡಿದು ಮಗಳ ಸಂಸಾರದ ಜಗಳದವರೆಗೆ ಎಲ್ಲವನ್ನೂ ಎದ್ದು ನಿಂತು ಹೇಳುತ್ತಾರೆ. ಸಂಜೆಯೊಳಗೆ ಆ ಮನೆಯ ಮುಂದೆ ಚಪ್ಪಲಿ ಹಿಡಿಸುವುದಿಲ್ಲ. ಯಜಮಾನರು ಮಲಪ್ರಭಾ ಸೇತುವೆಯ ಹತ್ತಿರ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಾಗ, ಪಕ್ಕದ ಮನೆಯ ಶೇವಂತಾ ವೈನಿ ಚರ್ಚಿನವರಿಗಿಂತ ಮೊದಲೇ ಬಂದು ಕೂತಿದ್ದಳು. ಅವಳು ದಿನಾ ಪೂಜೆ ಮಾಡುವ ಮರಾಠಿ ಹೆಂಗಸು. ಕೂರುವುದಕ್ಕೆ ಜಾತಿ ಧರ್ಮ ಏನೂ ಅಡ್ಡ ಬರುವುದಿಲ್ಲ.

ಹಾಗಾಗಿ ನಾನು ಹೊರಟೆ. ಆಪರೇಶನ್ನಿಗೆ ಪಕ್ಕದಲ್ಲಿರುವುದು, ಆಮೇಲೆ ಅವಳನ್ನು ಕಟ್ಟಿಕೊಂಡು ಬಂದು ಆ ಕಿಟಕಿಯ ಕುರ್ಚಿಯಲ್ಲಿ ಕೂರಿಸುವುದು. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ವಿಮಾನ ನಿಲ್ದಾಣ

ಆ ದೇಶದಲ್ಲಿ ನನ್ನನ್ನು ಮೊದಲು ಮಾತಾಡಿಸಿದವನು ಕಸ್ಟಮ್ಸಿನ ಹುಡುಗ. ಕೆಂಪು ಗಡ್ಡ, ತುಂಬ ಮರ್ಯಾದಸ್ಥ. ನನ್ನ ಚೀಲದಿಂದ ಶೇಂಗಾ ಚಟ್ನಿ, ಖಡಕ್ ರೊಟ್ಟಿ ಹೊರಗೆ ತೆಗೆದು ಮೂಸಿ ಒಳಗಿಟ್ಟ. ಕುಂದಾದ ಡಬ್ಬಿಗೆ ಬಂದಾಗ ನಿಂತ. ಇದು ಏನು ಎಂದ. ಹಾಲು, ಸಕ್ಕರೆ ಎಂದೆ. ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲವಂತೆ.

ಕರುಣಾಳಿಗೆ ಕುಂದಾ ಎಂದರೆ ಪ್ರಾಣ. ಸಣ್ಣವಳಿದ್ದಾಗ ಡಬ್ಬಿಯ ತಳ ಕೆರೆದು ಕೆರೆದು ಅಪ್ಪನಿಂದ ಬೈಸಿಕೊಂಡವಳು. ನಾನು ಹುಡುಗನಿಗೆ ಹೇಳಿದೆ: ನಿನ್ನ ನಿಯಮ ಇರಲಿ, ಕಸದ ಬುಟ್ಟಿಗೆ ಮಾತ್ರ ಹಾಕಬೇಡ, ನೀನೇ ತಿನ್ನು, ಇಲ್ಲೇ ನನ್ನ ಮುಂದೆ. ಅವನು ಕೆಂಪಗಾಗಿ ಕ್ಷಮೆ ಕೇಳಿದ, ಆದರೂ ಬುಟ್ಟಿಗೇ ಹಾಕಿದ. ಒಂದು ಕೆಲಸವನ್ನು ಇಷ್ಟು ಮರ್ಯಾದೆಯಿಂದ ಇಷ್ಟು ನಿರ್ದಯವಾಗಿ ಮಾಡಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹೊರಗೆ ಕರುಣಾ ನಿಂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಫೋನಿನಲ್ಲಿ ಅದು ಕಂಡಿರಲಿಲ್ಲ. ನನ್ನನ್ನು ತಬ್ಬಿಕೊಂಡು, "ಕುಂದಾ ತಂದೀಯೇನ?" ಎಂದಳು. ಬುಟ್ಟಿಗೆ ಹೋಯಿತು ಎನ್ನುವಷ್ಟರಲ್ಲಿ ನನಗೆ ಅಳು ಬಂತು. ಕುಂದಾ ಹೋಯಿತೆಂದು ಅಳುತ್ತಿದ್ದೇನೆ ಎಂದುಕೊಂಡು ಅವಳು ನಕ್ಕಳು.

ಕಡಲ ಊರು

ಊರು ಚೊಕ್ಕಟವಾಗಿತ್ತು. ಬೂದು ಕಲ್ಲಿನ ಮನೆಗಳು, ಮೀನಿನ ದೋಣಿಗಳು, ನಮ್ಮ ಕೋಳಿಗಳಿಗಿಂತ ದೊಡ್ಡದಾದ ಕಡಲಕ್ಕಿಗಳು. ಅವು ಕೂಗುವುದನ್ನು ಕೇಳಿದರೆ ಯಾರದೋ ಮನೆಯಲ್ಲಿ ಜಗಳ ನಡೆದಿದೆ ಅನಿಸುತ್ತದೆ. ಜನರದ್ದು ಮಾತ್ರ ಸದ್ದೇ ಇಲ್ಲ. ಮೊದಲ ದಿನ ಎಲ್ಲರೂ ಊರು ಬಿಟ್ಟು ಹೋಗಿದ್ದಾರೆ ಎಂದುಕೊಂಡೆ. ತಡರಾತ್ರಿ ನೋಡಿದರೆ ಪ್ರತಿ ಕಿಟಕಿಯ ಪರದೆಯ ಹಿಂದೆ ಒಂದೊಂದು ದೀಪ ಇತ್ತು.

ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಹತ್ತಾದರೂ ಕತ್ತಲಾಗುವುದಿಲ್ಲ. ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಪ್ರಾರ್ಥನೆ, ಪ್ರಾರ್ಥನೆ ಆದಮೇಲೆ ಊಟ, ಇದು ಅಪ್ಪನ ಕಾಲದ ಪದ್ಧತಿ. ನಾನು ಕತ್ತಲಾಗಲಿ ಎಂದು ಕಾದೆ, ಕಾದೆ. ಕರುಣಾ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು.

"ಅಕ್ಕಾ, ಸೂರ್ಯಾಗ ಕಾದ್ರ ಇವತ್ತ ಊಟಾನ ಇಲ್ಲ. ಮಾಡೋಣ ನಡಿ."

ಇಬ್ಬರೇ ಕೂತು ಅಪ್ಪನ ರಾಗದಲ್ಲೇ ಒಂದು ಕೀರ್ತನೆ ಹೇಳಿದೆವು. ಅವಳ ದನಿ ಅಮ್ಮನದಾಗಿಬಿಟ್ಟಿದೆ. ಕಣ್ಣು ಮುಚ್ಚಿದರೆ ಕ್ಯಾಂಪಿನ ಮನೆ, ಮೂಲೆಯಲ್ಲಿ ಹೊಲಿಗೆ ಯಂತ್ರ, ಹೊರಗೆ ಸಂಜೆಯ ಬ್ಯೂಗಲ್. ಇವಳನ್ನು ಇಲ್ಲಿ ಬಿಟ್ಟು ಹೋಗುವುದು ಸಾಧ್ಯವೇ ಇಲ್ಲ ಎಂದು ಆಗ ಇನ್ನೊಮ್ಮೆ ನಿರ್ಧರಿಸಿದೆ.

ಆದರೆ ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ಆಪರೇಶನ್ ಹತ್ತಿರ ಬಂದರೂ ಒಬ್ಬರೂ ಇವಳನ್ನು ಮಾತಾಡಿಸಲು ಬಂದಿರಲಿಲ್ಲ. ಪಕ್ಕದ ಮನೆಯ ಮಾರ್ಗರೆಟ್ ಎಂಬ ಮುದುಕಿ ನಾಯಿ ಹಿಡಿದುಕೊಂಡು ದಿನಾ ಬಾಗಿಲ ಮುಂದೆಯೇ ಹಾದುಹೋಗುತ್ತಿದ್ದರು. ಗಾಳಿ ಜೋರಾಗಿದೆ ಎನ್ನುತ್ತಿದ್ದರು, ನಾವು ಹೌದು ಎನ್ನುತ್ತಿದ್ದೆವು, ಅಷ್ಟೇ. ಇಷ್ಟು ವರ್ಷ ಒಂದೇ ಚರ್ಚಿಗೆ ಹೋಗುವವರು!

"ಅವರಿಗೆ ಗೊತ್ತಿಲ್ಲ" ಎಂದಳು ಕರುಣಾ. "ನಾ ಹೇಳಿಲ್ಲ. ಯಾಕ ಹೇಳಬೇಕು? ಇಲ್ಲಿ ಯಾರೂ ಯಾರ ಮ್ಯಾಲೂ ಭಾರ ಹಾಕೂದಿಲ್ಲ."

ಭಾನುವಾರ

ಚರ್ಚು ಹಳೆಯದು, ದೊಡ್ಡದು, ತಣ್ಣಗಿತ್ತು. ನೂರಾರು ಜನ ಕೂರುವ ಜಾಗದಲ್ಲಿ ಬೆಳ್ಳಿ ಕೂದಲಿನ ಒಂದಿಷ್ಟು ಮಂದಿ ದೂರ ದೂರ ಕೂತಿದ್ದರು. ಬೋಧಕಿ ಒಬ್ಬ ಹೆಂಗಸು. ನಮ್ಮ ಯಜಮಾನರು ನೋಡಿದ್ದರೆ ತಿರುಗಿ ಬರುವ ದಾರಿಯುದ್ದಕ್ಕೂ ಚರ್ಚೆ ಮಾಡುತ್ತಿದ್ದರು. ನನಗೆ ಮಾತ್ರ ಅವರ ಪ್ರಸಂಗ ಹಿಡಿಸಿತು, ಸಣ್ಣದಾಗಿತ್ತು.

ಪ್ರಸಂಗವಾದ ಮೇಲೆ ಅವರು ಹೇಳಿದರು: ನಮ್ಮ ಮನಸ್ಸಿನಲ್ಲಿರುವ ನೋವುಗಳನ್ನು ಈಗ ದೇವರ ಮುಂದೆ ಇಡೋಣ. ಹೇಳಿ ಸುಮ್ಮನಾದರು. ಎಲ್ಲರೂ ಸುಮ್ಮನಾದರು.

ನನಗೆ ಸಂತೋಷವಾಯಿತು. ಕೊನೆಗೂ ವಿನಂತಿಯ ಹೊತ್ತು ಬಂತು! ಯಾರು ಮೊದಲು ಏಳುತ್ತಾರೋ ಎಂದು ಕಾದೆ. ಯಾರೂ ಏಳಲಿಲ್ಲ. ಪಾಪ, ಸಂಕೋಚದ ಜನ ಎಂದುಕೊಂಡೆ. ಜೀವನವಿಡೀ ಮಕ್ಕಳಿಗೆ ಕಲಿಸಿದವಳು ನಾನು, ಪ್ರಶ್ನೆ ಕೇಳಿದ ಮೇಲೆ ಇಡೀ ತರಗತಿ ತಲೆ ತಗ್ಗಿಸಿ ಕೂತರೆ ನನಗೆ ತಡೆಯುವುದಿಲ್ಲ. ಸೀರೆ ಸರಿಮಾಡಿಕೊಂಡು ಎದ್ದೆ. ಬಾಯಿಗೆ ಬಂದ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದೆ: ನಾನು ಕರುಣಾಳ ಅಕ್ಕ. ಅವಳ ಎದೆಯಲ್ಲಿ ಗಂಟು, ಈ ಗುರುವಾರ ಆಪರೇಶನ್. ಅವಳು ಯಾರಿಗೂ ಹೇಳಿಲ್ಲ. ದಯವಿಟ್ಟು ಪ್ರಾರ್ಥನೆ ಮಾಡಿ. ಮನೆಗೂ ಬನ್ನಿ.

ಕರುಣಾ ನನ್ನ ಸೆರಗು ಎಳೆಯುತ್ತಿದ್ದಳು. ಮುಂದಿನ ಸಾಲಿನವರ ಕಿವಿಗಳು ಕೆಂಪಗಾದವು, ಆದರೆ ಒಬ್ಬರೂ ತಿರುಗಿ ನೋಡಲಿಲ್ಲ. ಆ ಮೌನ ಮಾತಾಡಲಿಕ್ಕೆ ಬಿಟ್ಟದ್ದಲ್ಲ, ಮೌನವಾಗಿರಲಿಕ್ಕೇ ಬಿಟ್ಟದ್ದು ಎಂದು ನನಗೆ ಹೊಳೆಯುವಷ್ಟರಲ್ಲಿ ಎಲ್ಲ ಹೇಳಿಯಾಗಿತ್ತು. ಬೋಧಕಿ ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಕಣ್ಣು ಮುಚ್ಚಿ ಕರುಣಾಳ ಹೆಸರು ಹಿಡಿದು ಪ್ರಾರ್ಥಿಸಿದರು.

ಆರಾಧನೆ ಮುಗಿದು ಚಹಾ, ಬಿಸ್ಕೀಟು ಕೊಟ್ಟರು. ಒಬ್ಬರಾದರೂ ಗಂಟಿನ ಮಾತೆತ್ತಬೇಕಲ್ಲ? ಗಾಳಿ, ಮಳೆ, ಮೀನು ಇವೇ ಮಾತು. ಎಂಥ ಕಲ್ಲುಮನಸ್ಸಿನ ಜನ ಎಂದುಕೊಂಡೆ. ಮಾರ್ಗರೆಟ್ ಅಂತೂ ಚಹಾ ಅರ್ಧಕ್ಕೆ ಬಿಟ್ಟು ನಾಯಿಗೆ ಹಸಿವಾಗಿದೆ ಎಂದು ಹೊರಟೇ ಹೋದರು.

ಮನೆಯ ಬಾಗಿಲು ಹಾಕುತ್ತಲೇ ಕರುಣಾ ತಿರುಗಿಬಿದ್ದಳು.

"ಇಷ್ಟ ವರ್ಷ ಈ ಊರಾಗ ನಾ ಮರ್ಯಾದಿಲೆ ಇದ್ದೆ. ನೀ ಬಂದ ವಾರ ಆಗಿಲ್ಲ, ಡಂಗುರಾ ಹೊಡದಿ!"

"ಜಡ್ಡ ಬಂದ್ರ ಮರ್ಯಾದಿ ಹೊಕ್ಕೈತೇನ?"

"ನಿಮ್ಮ ಖಾನಾಪುರ ಅಲ್ಲ ಇದು. ನಾ ಹೇಳಿದ್ರ ಅವರಿಗೆ ಏನರ ಮಾಡಬೇಕ ಅನಸ್ತೈತಿ. ಆ ಮುಜುಗರ ನನಗ ಬ್ಯಾಡ. ಜನ್ಮೆಲ್ಲಾ ಮಂದಿ ಜಡ್ಡ ನೋಡಿದಾಕಿ ನಾ, ನನ್ನ ಜಡ್ಡ ಮಂದಿ ನೋಡೂದ ಬ್ಯಾಡ ನನಗ."

"ಹಂಗಾರ ನಡಿ ನಮ್ಮ ಮನಿಗೆ. ಅಲ್ಲೆ ಯಾರಿಗೂ ಮುಜುಗರಾ ಇಲ್ಲ."

ಅವಳು ಒಳಗೆ ಹೋಗಿ ಮಲಗಿದಳು. ಆ ಸಂಜೆ ನಾನೊಬ್ಬಳೇ ಪ್ರಾರ್ಥನೆ ಮಾಡಿದೆ. ಬೆಳಕು ಹಾಗೇ ಇತ್ತು.

ಬಾಗಿಲು

ಮರುದಿನ ಬೆಳಿಗ್ಗೆ ಗಂಟೆ ಬಾರಿಸಿತು. ಬಾಗಿಲು ತೆಗೆದರೆ ಯಾರೂ ಇಲ್ಲ. ಹೊಸ್ತಿಲ ಮೇಲೆ ಬಟ್ಟೆ ಮುಚ್ಚಿದ ಪಾತ್ರೆ, ಒಳಗೆ ಬಿಸಿ ಸೂಪು. ಮಧ್ಯಾಹ್ನ ಮತ್ತೆ ಗಂಟೆ, ಮತ್ತೆ ಯಾರೂ ಇಲ್ಲ, ಈ ಸಲ ಆಲೂಗಡ್ಡೆ ಹಾಕಿ ಬೇಯಿಸಿದ ಏನೋ ಒಂದು. ಮಂಗಳವಾರ ಕೇಕು ಬಂತು, ಇನ್ನೊಂದು ಸೂಪು ಬಂತು, ತೋಟದ ಹೂವು ಬಂದವು. ತರುವವರ ಬೆನ್ನು ಬಿಟ್ಟು ಮುಖ ಕಾಣಲಿಲ್ಲ. ನಮ್ಮಲ್ಲಿ ಬಂದವರನ್ನು ಎಬ್ಬಿಸಿ ಕಳಿಸುವುದು ಕಷ್ಟ, ಇವರೋ ಗಂಟೆ ಬಾರಿಸಿ ಓಡುತ್ತಾರೆ. ಶಾಲೆಯ ದಾರಿಯಲ್ಲಿ ಕಂಡವರ ಮನೆಯ ಗಂಟೆ ಒತ್ತಿ ಓಡಿದವರನ್ನು ಹಿಡಿದು ಕಿವಿ ಹಿಂಡಿದವಳು ನಾನು.

ಬುಧವಾರ ಬಾಗಿಲ ಹಿಂದೆಯೇ ಕಾದು ನಿಂತೆ. ಗಂಟೆ ಬಾರಿಸಿದ್ದೇ ತಡ, ತೆಗೆದೆ. ಮಾರ್ಗರೆಟ್ ಆಗಲೇ ಗೇಟು ದಾಟುತ್ತಿದ್ದರು. ನಾನು ಚಪ್ಪಲಿಯಲ್ಲೇ, ಗಾಳಿಗೆ ಹಾರುವ ಸೆರಗು ಹಿಡಿದುಕೊಂಡು ಹಿಂದೆ ಓಡಿದೆ. ಅವಸರದಲ್ಲಿ ಇಂಗ್ಲಿಷ್ ಮರೆತೇ ಹೋಯಿತು.

"ಬರ್ರಿ! ಒಳಗ ಬರ್ರಿ! ಕುಂದರ್ರಿ!"

ಕೈ ಹಿಡಿದು ಎಳೆದುಕೊಂಡು ಬಂದು ಸೋಫಾದ ಮೇಲೆ ಕೂರಿಸಿದೆ. ನಾಯಿ ತಾನಾಗಿಯೇ ಕೂತಿತು. ಕರುಣಾ ಎದುರಿಗೆ ಕೂತಳು, ಮುಖ ಬಿಗಿದಿತ್ತು. ಯಾರೂ ಮಾತಾಡಲಿಲ್ಲ. ನಾನು ಚಹಾ ಇಟ್ಟು ತಂದೆ, ಆಗಲೂ ಮಾತಾಡಲಿಲ್ಲ. ನಮ್ಮೂರಿನ ಹಾಗೆಯೇ ಆಯಿತಲ್ಲ ಎಂದು ನನಗೆ ಸಮಾಧಾನವಾಯಿತು.

ಚಹಾ ಮುಗಿದ ಮೇಲೆ ಮಾರ್ಗರೆಟ್ ಬಾಯಿ ಬಿಟ್ಟರು. ಅವರ ಇಂಗ್ಲಿಷ್ ನನಗೆ ಅರ್ಧ ಮಾತ್ರ ತಿಳಿಯುತ್ತದೆ. ಆದರೂ ತಿಳಿಯಿತು. ಅವರ ಗಂಡ ಹಾಸಿಗೆ ಹಿಡಿದಾಗ ಕರುಣಾ ತನ್ನ ಕೆಲಸ ಮುಗಿಸಿಕೊಂಡು ದಿನಾ ಅವರ ಮನೆಗೆ ಹೋಗಿ, ಕೊನೆಯವರೆಗೂ ಪಕ್ಕದಲ್ಲಿ ಕೂತಿದ್ದಳಂತೆ. ಈ ಬೀದಿಯಲ್ಲಿ ಅವಳು ಹೋಗಿ ಕೂರದ ಮನೆ ಇಲ್ಲವಂತೆ. "ನಿನಗಾಗಿ ಏನಾದರೂ ಮಾಡಲಿಕ್ಕೆ ನೀನು ನಮಗೆ ಅವಕಾಶವನ್ನೇ ಕೊಡಲಿಲ್ಲ" ಎಂದರು ಮಾರ್ಗರೆಟ್. "ನಿನಗೆ ನಾವು ಬೇಡ ಎಂದುಕೊಂಡಿದ್ದೆವು."

ಕರುಣಾ ಅತ್ತಳು. ಅಮ್ಮ ಹೋದಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಮಾರ್ಗರೆಟ್ ಸಾಂತ್ವನ ಹೇಳಲಿಲ್ಲ, ಏಳಲೂ ಇಲ್ಲ. ಕೂತೇ ಇದ್ದರು.

ಆಸ್ಪತ್ರೆ

ಗುರುವಾರ ಕರುಣಾಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾನು ಕಾಯುವ ಕೋಣೆಯಲ್ಲಿ ಒಬ್ಬಳೇ ಉಳಿದೆ. ಎಲ್ಲಿ ನೋಡಿದರೂ ಹೊಳೆಯುವ ನೆಲ, ಗೋಡೆಗೆ ಹೊಂದಿಸಿದ ಖಾಲಿ ಕುರ್ಚಿಗಳ ಸಾಲು. ಆಗ ನನಗೆ ಬೆಳಗಾವಿ ಎಷ್ಟು ನೆನಪಾಯಿತೆಂದರೆ ಹೇಳಲು ಬರುವುದಿಲ್ಲ. ಅಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಖಾನಾಪುರದಿಂದ ಒಂದು ಟೆಂಪೋ ತುಂಬ ಜನ ಬಂದಿರುತ್ತಿದ್ದರು. ಹಿಂದವಾಡಿಯ ಚಿಕ್ಕಪ್ಪನ ಮಗಳು ಊಟದ ಡಬ್ಬಿ ತಂದಿರುತ್ತಿದ್ದಳು, ಖಾಸಬಾಗದ ನೆಂಟರು ಬಾಳೆಹಣ್ಣು ತಂದಿರುತ್ತಿದ್ದರು, ವಾಚಮನ್ ಎಲ್ಲರನ್ನೂ ಬೈಯುತ್ತಿದ್ದ, ಯಾರೋ ಒಬ್ಬರು ಮೂಲೆಯಲ್ಲಿ ಮೆಲ್ಲಗೆ ಪ್ರಾರ್ಥನೆ ಶುರು ಮಾಡಿದರೆ ಪಕ್ಕದ ರೋಗಿಯ ಕಡೆಯ ಸಾಬರ ಅಜ್ಜಿಯೂ ಕೈ ಎತ್ತುತ್ತಿದ್ದಳು. ಆ ಗದ್ದಲಕ್ಕಾಗಿ ನನ್ನ ಜೀವ ಹಂಬಲಿಸಿತು. ದೇವರೇ, ನನ್ನ ತಂಗಿಯನ್ನು ಉಳಿಸು, ಇಲ್ಲಿಂದ ಒಯ್ಯುತ್ತೇನೆ ಎಂದು ಕೇಳಿಕೊಂಡೆ.

ಕಣ್ಣು ತೆರೆದಾಗ ಮಾರ್ಗರೆಟ್ ಬಂದಿದ್ದರು. ನನ್ನತ್ತ ತಲೆಯಾಡಿಸಿ, ಒಂದು ಕುರ್ಚಿ ನಡುವೆ ಬಿಟ್ಟು ಕೂತು ಹೆಣಿಗೆ ತೆಗೆದರು. ಆಮೇಲೆ ಬೋಧಕಿ ಬಂದರು, ಅವರೂ ಒಂದು ಕುರ್ಚಿ ಬಿಟ್ಟು ಕೂತರು. ಚರ್ಚಿನಲ್ಲಿ ಕಿವಿ ಕೆಂಪಗಾಗಿದ್ದ ಮುದುಕರೊಬ್ಬರು ಪೇಪರು ಹಿಡಿದು ಬಂದು ಇನ್ನೊಂದು ಕುರ್ಚಿ ಬಿಟ್ಟು ಕೂತರು. ಹೀಗೆ ಸಾಲು ತುಂಬುತ್ತ ಬಂತು, ನಡುನಡುವೆ ಖಾಲಿ ಜಾಗ. ಯಾರೂ ಏನೂ ಕೇಳಲಿಲ್ಲ. ತೀರಾ ತಡವಾಯಿತು ಎಂದು ನಾನು ಎದ್ದು ಬಾಗಿಲಿನತ್ತ ನೋಡಿ ಮತ್ತೆ ಕೂತಾಗ ಮಾರ್ಗರೆಟ್ ಎದ್ದು ಆ ನಡುವಿನ ಕುರ್ಚಿಗೆ ಬಂದರು. ಅಷ್ಟೇ ಮಾಡಿದ್ದು. ನಾನು ಅವರ ಭುಜಕ್ಕೆ ತಲೆಯಿಟ್ಟು ಕನ್ನಡದಲ್ಲಿ ಏನೇನೋ ಹೇಳಿದೆ. ಅವರು ಹೆಣೆಯುತ್ತಲೇ ಇದ್ದರು.

ಡಾಕ್ಟರು ಬಂದು ಎಲ್ಲ ತೆಗೆದಿದ್ದೇವೆ, ಹಬ್ಬಿರಲಿಲ್ಲ ಎಂದಾಗ ಪೇಪರಿನ ಮುದುಕರು ಮೂಗು ಒರೆಸಿಕೊಂಡು, ಮಳೆ ಬರಬಹುದು ಎಂದು ಎದ್ದು ಹೋದರು.

ಕಡಲ ಕಟ್ಟೆ

ಕರುಣಾ ಓಡಾಡುವಂತಾದ ಮೇಲೆ ನಾವು ಕಡಲ ಕಟ್ಟೆಯ ಮೇಲೆ ಕೂರಲು ಹೋಗುತ್ತಿದ್ದೆವು. ಆ ದಿನಗಳಲ್ಲಿ ಮನೆಯ ಗಂಟೆ ಬಾರಿಸಿದವರು ಓಡುವುದನ್ನು ಬಿಟ್ಟಿದ್ದರು. ಒಳಗೆ ಬಂದು ಕೂರುವುದನ್ನು ಅವರಿಗೆ ನಾನೇ ಕಲಿಸಿದೆ ಎಂಬ ಹೆಮ್ಮೆಯಿತ್ತು. ಕರುಣಾ ಬಂದವರಿಗೆಲ್ಲ ಹೇಗಾಯಿತೆಂದು ಮೊದಲಿನಿಂದ ಹೇಳುತ್ತಿದ್ದಳು, ಥೇಟು ನಮ್ಮೂರಿನವರಂತೆ.

ನಾನು ಹೊರಡುವ ದಿನ ಹತ್ತಿರ ಬಂತು. ಕಟ್ಟೆಯ ಮೇಲೆ ಕೂತು ಕೇಳಿದೆ: "ಔಷಧದ ಕೋರ್ಸ್ ಮುಗದ ಕೂಡ್ಲೇ ಬರ್ತಿಯಲ್ಲ? ಖೋಲಿ ಒರಸಿ ಇಡ್ತೀನಿ."

ಅವಳು ಕಡಲನ್ನು ನೋಡುತ್ತಿದ್ದಳು.

"ನೀ ಬರೂಕಿಂತ ಮೊದಲ ನಾ ಬರಾಕ ತಯಾರ ಇದ್ದೆ ಅಕ್ಕಾ. ಖರೇ ಹೇಳ್ತೀನಿ, ಪೆಟ್ಟಿಗಿ ಸುದ್ದಾ ತಗದ ಇಟ್ಟಿದ್ದೆ. ಇಲ್ಲೆ ನನಗ ಯಾರೂ ಇಲ್ಲ ಅಂದ್ಕೊಂಡಿದ್ದೆ."

"ಮತ್ತ?"

"ನೀ ಎದ್ದ ನಿಂತ ಹೇಳಿದೆಲ್ಲ, ಮಂದಿ ಬಂದ್ರು. ಈಗ ಅವರನ್ನ ಹೆಂಗ ಬಿಡಲಿ? ಮಾರ್ಗರೆಟ್‌ಗ ಕಣ್ಣ ಕಾಣಸ್ವಲ್ದು, ಹೇಳ್ಕೊಂಡಿಲ್ಲ ಆಕಿ. ನನಗಷ್ಟ ಗೊತ್ತೈತಿ."

ಕರೆದುಕೊಂಡು ಹೋಗಲು ಬಂದವಳು ನಾನೇ, ಅವಳನ್ನು ಇಲ್ಲಿ ನೆಲೆಯೂರಿಸಿದವಳೂ ನಾನೇ. ಸಿಟ್ಟು ಮಾಡಿಕೊಳ್ಳಲು ಯಾರೂ ಸಿಗಲಿಲ್ಲ. ದೇವರ ಮೇಲೆ ಸ್ವಲ್ಪ ಮಾಡಿಕೊಂಡೆ. ಉಳಿಸು, ಒಯ್ಯುತ್ತೇನೆ ಎಂದು ಕೇಳಿದ್ದೆ. ಮೊದಲ ಅರ್ಧವನ್ನು ಮಾತ್ರ ಅವನು ಕಿವಿಗೆ ಹಾಕಿಕೊಂಡಿದ್ದ.

"ಖೋಲಿ?" ಎಂದೆ.

"ಇರ್ಲಿ. ಭಾವಗ ಹೇಳು, ಭತ್ತ ಇಡಬ್ಯಾಡ ಅಂತ" ಎಂದು ನಕ್ಕಳು. ನಗು ಪೂರ್ತಿಯಾಗಲಿಲ್ಲ. ನಾನು ಅವಳ ಕೈ ಹಿಡಿದುಕೊಂಡೆ. ಕಡಲಕ್ಕಿಗಳು ಜಗಳವಾಡುತ್ತಲೇ ಇದ್ದವು.

ಮತ್ತೆ ಖಾನಾಪುರ

ಬಂದ ಮೊದಲ ಭಾನುವಾರ ಜೋರು ಮಳೆ. ಚರ್ಚಿನ ಬಾಗಿಲಲ್ಲಿ ಒದ್ದೆ ಕೊಡೆಗಳ ರಾಶಿ. ಪ್ರಸಂಗವಾದ ಮೇಲೆ ಪಾಸ್ಟರು ನನ್ನ ಕಡೆ ನೋಡಿ, "ಬಾಯಾರ, ತಂಗಿಗೆ ದೇವರ ಮಾಡಿದ ಉಪಕಾರದ ಸಾಕ್ಷಿ ಹೇಳ್ರಿ" ಎಂದರು. ನಾನು ಎದ್ದೆ. ಆಪರೇಶನ್ ಚಲೋ ಆತು, ದೇವರಿಗೆ ಸ್ತೋತ್ರ ಎಂದೆ. ಎಲ್ಲರೂ ಸ್ತೋತ್ರ ಎಂದರು. ಕೂರಬೇಕಿತ್ತು, ಆಗಲಿಲ್ಲ.

"ಆಕಿಗೆ ಅಲ್ಲೆ ಮಂದಿ ಅದಾರ. ಆಕಿ ಅಲ್ಲೇ ಇರ್ತಾಳ" ಎಂದೆ. "ಈಗ ನನಗ ಪ್ರಾರ್ಥನಿ ಮಾಡ್ರಿ."

ಸಂಜೆ ಮಳೆ ನಿಂತಿರಲಿಲ್ಲ, ಆದರೂ ಮನೆಯ ಮುಂದೆ ಚಪ್ಪಲಿ ತುಂಬಿದವು. ಕುರ್ಚಿ ಸಾಲದೆ ಯಜಮಾನರು ನನ್ನನ್ನು ಕೇಳದೆಯೇ ಮಾಳಿಗೆಗೆ ಹೋಗಿ ಆ ಬೆತ್ತದ ಕುರ್ಚಿಯನ್ನು ಕೆಳಗೆ ತಂದರು. ಅದರಲ್ಲಿ ಯಾರನ್ನೂ ಕೂರಿಸಬೇಡಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗೆ ಬಂದ ಶೇವಂತಾ ವೈನಿ ಅದನ್ನು ಎಳೆದು ನನ್ನ ಮಗ್ಗುಲಿಗೇ ಹಾಕಿಕೊಂಡು ಕೂತಳು. ಏನೂ ಕೇಳಲಿಲ್ಲ.

ಆಗ ಕರುಣಾಳ ಫೋನು ಬಂತು.

"ಏನಕ್ಕಾ, ಭಾಳ ಗದ್ದಲಾ ಕೇಳಸ್ತೈತಿ?"

"ಮಂದಿ ಬಂದಾರ. ನನ್ನ ಮಾತಾಡ್ಸಾಕ."

"ನಿನ್ನ ಮಾತಾಡ್ಸಾಕ? ಯಾಕ, ಏನಾತ ನಿನಗ?" ಅವಳ ದನಿಯಲ್ಲಿ ಗಾಬರಿ.

"ನೀ ಬರಲಿಲ್ಲಲ್ಲ" ಎಂದೆ.